ಅವ್ವನ ಪಾರ್ಟು

ಗಣೇಶಗುಡಿ
೧೬ ಫೆಬ್ರವರಿ ೨೦೨೫, ರವಿವಾರ

ನನ್ನ ಮಗಳು ರೂಪಾಲಿಗೆ, ನಿನ್ನ ಅವ್ವ ನಿರ್ಮಲಾ ದೂರದಿಂದಲೇ ತಲೆ ನೇವರಿಸಿ ಬರೆಯುತ್ತಿರುವುದು.

ಇಲ್ಲಿ ನಾವು ಆರಾಮಾಗಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಬಿದ್ದಾಗ ಹಗಲು ನಿದ್ದೆ ಮಾಡುತ್ತಿದ್ದೀಯ ಎಂದುಕೊಂಡಿದ್ದೇನೆ. ಹೋದ ವಾರದಿಂದ ನೀನು ಫೋನು ಮಾಡಿದಾಗಲೆಲ್ಲ 'ಕೈ ಹಿಟ್ಟಾಗ್ಯಾವ, ಆಮ್ಯಾಲ ಮಾತಾಡ್ತೇನಿ' ಎಂದು ಇಟ್ಟುಬಿಡುತ್ತಿದ್ದೆ. ಆಮೇಲೆ ನಾನಾಗಿ ಮಾಡಲೇ ಇಲ್ಲ. ನಿನಗೆ ಸಿಟ್ಟು ಬಂದಿದ್ದರೆ ಅದು ಸರಿಯೇ. ನಾನು ಹೇಳಬೇಕಾದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಕಾಗದ. ಅವ್ವ ಮಾತಾಡುವುದೊಂದು ಭಾಷೆ, ಬರೆಯುವುದೊಂದು ಭಾಷೆ ಎಂದು ನೀನು ನಗಬಹುದು. ಹಳಿಯಾಳದ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು ನಾನು. ಪೆನ್ನು ಹಿಡಿದರೆ ಕೈ ಶಾಲೆಯ ಭಾಷೆಗೇ ಹೋಗುತ್ತದೆ.

ಗೋದುಬಾಯಿ ಕಾಕಿಗೆ ಮೊಣಕಾಲು ನೋವು ಹೆಚ್ಚಾಗಿದೆ. ಆದರೂ ದಿನಾ ಸಂಜೆ ಕೋಲೂರಿಕೊಂಡು ನಮ್ಮ ಕಟ್ಟೆಗೆ ಬಂದು ಕೂರುತ್ತಾಳೆ, ನಿನ್ನನ್ನು ಕೇಳುತ್ತಾಳೆ. ಹೋಮ್‌ಸ್ಟೇ ಶನಿವಾರ ರವಿವಾರ ತುಂಬಿರುತ್ತದೆ. ಬರುವ ಮಂದಿಗೆಲ್ಲ ನದಿಯಲ್ಲಿ ರಾಫ್ಟಿಂಗ್ ಬೇಕು, ಬಂದ ಮೇಲೆ ಬಿಸಿ ರೊಟ್ಟಿ ಬೇಕು. ಅಪ್ಪನಿಗೆ ಜೀಪಿನ ಕೆಲಸ ಬಿಡುವಿಲ್ಲ. ಈಗಂತೂ ಆ ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಸಿನಿಮಾದಲ್ಲಿ ಕಳ್ಳರು ಓಡಿಸಿದ ಜೀಪು ಎಂದು.

ಆ ಸಿನಿಮಾದ ಮಾತೇ ನಾನು ಬರೆಯಬೇಕಾದದ್ದು.

ನಿನಗೆ ಅರ್ಧ ಗೊತ್ತಿದೆ. ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯಿಂದ ಉದಯಕುಮಾರ ಎಂಬ ಹುಡುಗ ಒಂದಿಷ್ಟು ಗೆಳೆಯರನ್ನು ಕಟ್ಟಿಕೊಂಡು ಬಂದು ನಮ್ಮ ಹೋಮ್‌ಸ್ಟೇದಲ್ಲಿ ಇಳಿದ. ಅವನೇ ಡೈರೆಕ್ಟರು. ಅವನ ಹತ್ತಿರ ಒಂದೇ ಕ್ಯಾಮೆರಾ. ಲೈಟು ಕಡಿಮೆ ಬಿದ್ದರೆ ನಮ್ಮ ಜೀಪಿನ ಹೆಡ್‌ಲೈಟು ಹಚ್ಚುತ್ತಿದ್ದರು. ಸೂಪಾ ರಸ್ತೆಯಲ್ಲಿ ಲಕ್ಷ್ಮಿ ಎಂಬ ಹುಡುಗಿಯನ್ನು ಜೀಪಿನಲ್ಲಿ ಎತ್ತಿಕೊಂಡು ಹೋಗುವುದು, ಆಮೇಲೆ ಕಾಡಿನಲ್ಲಿ ಹುಡುಕಾಟ, ಇದು ಕಥೆ. ಲಕ್ಷ್ಮಿಯ ತಾಯಿ ಆಗಬೇಕಾದ ನಾಟಕ ಕಂಪನಿಯ ಹೆಂಗಸು ಬರಲಿಲ್ಲ. ಅಡುಗೆ ಮಾಡಿ ಹಾಕುತ್ತಿದ್ದ ನನ್ನನ್ನೇ ಉದಯಕುಮಾರ ಹಿಡಿದುಕೊಂಡ. 'ಅಕ್ಕಾ, ನಿಮ್ಮ ಮುಖಾನ ಅವ್ವನ ಮುಖ ಐತ್ರಿ, ಪಾರ್ಟ್ ಏನೂ ದೊಡ್ಡದಲ್ಲ' ಅಂದ. ನಿನಗೆ ಫೋನಿನಲ್ಲಿ ಹೇಳಿದಾಗ ಎಷ್ಟು ನಕ್ಕಿದ್ದೆ ನೀನು!

ಈ ತಿಂಗಳ ಮೊದಲ ರವಿವಾರ ದಾಂಡೇಲಿಯಲ್ಲಿ ಒಂದು ಸಭಾಭವನ ಬಾಡಿಗೆ ಹಿಡಿದು, ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸಿದರು. ಅಪ್ಪ, ನಾನು, ಗೋದುಬಾಯಿ ಕಾಕಿ ಜೀಪಿನಲ್ಲೇ ಹೋದೆವು. ಕೋಗಿಲಬನದಿಂದ, ಹಳಿಯಾಳದಿಂದ ಮಂದಿ ಬಂದಿದ್ದರು. ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬಂದವರು ಗೋಡೆಗೆ ಆತು ನಿಂತಿದ್ದರು. ನಾನು ಹೊಸ ಇಳಕಲ್ ಸೀರೆ ಉಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ಖುಷಿಯಲ್ಲೇ ಇದ್ದೆ.

ಮೊದಲು ಎಲ್ಲರಿಗೂ ನಗು. ನಮ್ಮ ರಸ್ತೆ, ನಮ್ಮ ಸೇತುವೆ, ನಮ್ಮ ಚಹಾದ ಅಂಗಡಿ ಕಂಡಾಗಲೆಲ್ಲ ಕೂಗು. ಕಳ್ಳರ ಜೀಪು ಬಂದಾಗ ಎಲ್ಲರೂ ಅಪ್ಪನ ಕಡೆ ತಿರುಗಿ ಸೀಟಿ ಹೊಡೆದರು. ಆಮೇಲೆ ಪರದೆಯ ಮೇಲೆ ನಾನು ಬಂದೆ. ನಮ್ಮ ಹಿತ್ತಲ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದೇನೆ. ಒಬ್ಬ ಓಡಿ ಬರುತ್ತಾನೆ. ಅವನ ಬಾಯಿಂದ ಮಾತು ಬೀಳುತ್ತಿದ್ದ ಹಾಗೆ ನನ್ನ ಕೈಯಿಂದ ಮೊರ ಬೀಳುತ್ತದೆ. ನಾನು ಏಳಲು ಹೋಗಿ ಬೀಳುತ್ತೇನೆ. ಸೆರಗು ಎಲ್ಲೋ, ನಾನೆಲ್ಲೋ. ಮಣ್ಣು ಕೆರೆಯುತ್ತ ಕೂಗುತ್ತೇನೆ. ಅದು ಮನುಷ್ಯರ ದನಿಯ ಹಾಗೆ ಇಲ್ಲ, ರೂಪಾ.

ಇಡೀ ಸಭಾಭವನ ಚಪ್ಪಾಳೆ ತಟ್ಟಿತು.

ಆ ಅಳು ಸಿನಿಮಾದಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅದು ಪಾರ್ಟು ಅಲ್ಲ.

ಹೇಳುತ್ತೇನೆ ಕೇಳು. ಆ ದಿನ ಬೆಳಗಿನಿಂದ ನನ್ನನ್ನು ಅಳಿಸಲು ನೋಡಿ ಸೋತಿದ್ದರು. ಕಣ್ಣಿಗೆ ಏನೋ ಔಷಧಿ ಹಾಕಿದರೂ ನನಗೆ ನಗುವೇ ಬರುತ್ತಿತ್ತು. ಕಡೆಗೆ ಉದಯಕುಮಾರ 'ಬಿಡ್ರಿ ಅಕ್ಕಾ, ನಾಳೆ ನೋಡೂಣು, ನೀವು ನಿಮ್ಮ ಕೆಲಸ ಮಾಡ್ಕೋರಿ' ಅಂದ. ನಾನು ಅಂಗಳದಲ್ಲಿ ಕೂತು ರಾತ್ರಿಯ ಅಡುಗೆಗೆ ಅಕ್ಕಿ ಆರಿಸತೊಡಗಿದೆ. ಕ್ಯಾಮೆರಾ ಬಾಗಿಲ ಹಿಂದೆ ಇಟ್ಟಿದ್ದರಂತೆ, ನನಗೆ ಕಾಣಲಿಲ್ಲ. ಅದು ನೀನು ಹಬ್ಬಕ್ಕೆ ಧಾರವಾಡದಿಂದ ಹೊರಟ ದಿನ. ಅವರ ಹುಡುಗನೊಬ್ಬ, ವೀರೇಶ ಎಂಬವನು, ಏದುಸಿರು ಬಿಡುತ್ತ ಬಂದ. 'ಅಕ್ಕಾ, ನಿಮ್ಮ ರೂಪಾಲಿ ಜೋಯಿಡಾ ಬಸ್ಸಿನಿಂದ ಇಳದಿದ್ಲಂತ, ಯಾರೋ ಜೀಪಿನ್ಯಾಗ ಎತ್ತಿ ಹಾಕ್ಕೊಂಡ ಹೋದ್ರಂತ್ರಿ, ಮಂದಿ ನೋಡ್ಯಾರ' ಅಂದ. ನಾನು ನಿನಗೆ ಫೋನು ಹಚ್ಚಿದೆ. ದಾಂಡೇಲಿ ದಾಟಿದರೆ ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲವಲ್ಲ, ಹತ್ತಲಿಲ್ಲ. ಆಮೇಲೆ ಏನಾಯಿತು ನನಗೆ ನೆನಪಿಲ್ಲ. ಪರದೆಯ ಮೇಲೆ ನೋಡಿದ ಮೇಲೇ ಗೊತ್ತಾದದ್ದು.

ಕೂಗಿ ಕೂಗಿ ದನಿ ಹೋದ ಮೇಲೆ ಉದಯಕುಮಾರ ಬಂದು ನನ್ನ ಕಾಲು ಮುಟ್ಟಿದ. 'ಏನೂ ಆಗಿಲ್ರಿ ಅಕ್ಕಾ, ಹುಡುಗಿ ಬರಾಕ್ಹತ್ಯಾಳ, ಇದು ಸಿನಿಮಾಕ್ಕ' ಅಂದ. ಸುತ್ತ ನಿಂತವರು ನೀರು ಕೊಟ್ಟರು. ನಾನು ಬೈಯಲಿಲ್ಲ. ನೀನು ಬದುಕಿದ್ದೀಯ ಎಂಬುದೊಂದೇ ತಲೆಯಲ್ಲಿತ್ತು. 'ಇದನ್ನ ಹಾಕಬ್ಯಾಡಪಾ' ಎಂದಷ್ಟೇ ಅಂದೆ. ಅವನು 'ನೋಡೂಣ್ರಿ' ಅಂದ. ಸಂಜೆ ನೀನು ಬ್ಯಾಗು ಹೊತ್ತು ಬಂದಾಗ ನಿನ್ನ ಮುಖ, ಕೈ, ಬೆನ್ನು ಮುಟ್ಟಿ ಮುಟ್ಟಿ ನೋಡಿದೆ. 'ಯಾಕವ್ವಾ, ಸಂತ್ಯಾಗ ಎಮ್ಮಿ ನೋಡಿದಂಗ ನೋಡ್ತಿ' ಅಂದೆ ನೀನು. ಹಬ್ಬದ ದಿನ ಹೇಳಿ ನಿನ್ನನ್ನು ಹೆದರಿಸುವುದು ಬೇಡ ಎಂದು ಸುಮ್ಮನಾದೆ.

ಸಭಾಭವನದಲ್ಲಿ ನನ್ನ ಪಕ್ಕ ಕೂತ ಗೋದುಬಾಯಿ ಕಾಕಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನ ಮೊಣಕೈ ಹಿಡಿದು ಕಿವಿಯಲ್ಲಿ ಕೇಳಿದಳು, 'ನಿರ್ಮಲಾ, ಆವತ್ತ ಯಾರ ಸತ್ತಿದ್ರ?'

ಹೊರಗೆ ಬಂದರೆ ಬಾಗಿಲಲ್ಲೇ ಒಬ್ಬ ಮೈಕು ಹಿಡಿದು ನಿಂತಿದ್ದ. ಸಿನಿಮಾ ಹೇಗಿತ್ತೆಂದು ಬಂದವರನ್ನೆಲ್ಲ ಕೇಳಿ ಫೋನಿನಲ್ಲಿ ಹಿಡಿಯುತ್ತಿದ್ದ. ಹಳಿಯಾಳದ ಹುಡುಗನೊಬ್ಬ, 'ಸಸ್ಪೆನ್ಸ್ ಸೂಪರ್ ಐತ್ರಿ, ಕಳ್ಳ ಯಾರಂತ ಕಡೀತನ ತಿಳಿಯಂಗಿಲ್ಲ' ಅಂದ. ಮಿಲ್ಲಿನ ಕೆಲಸದವನೊಬ್ಬ, 'ಏನ್ ಸಸ್ಪೆನ್ಸೋ! ಅರ್ಧ ಸಿನಿಮಾ ಬರೇ ಜೀಪ್ ಓಡೂದ ಆತು, ನಮಗ ಡೀಸಲ್ ವಾಸನಿ ಬರಾಕ್ಹತ್ತಿತ್ತು' ಅಂದ. ನಮ್ಮ ಗಣೇಶಗುಡಿಯ ಫಾರೆಸ್ಟ್ ಗಾರ್ಡ್ ಕರಿಬಸಪ್ಪನಿಗೆ ಒಂದೇ ಚಿಂತೆ: 'ಚೆಕ್‌ಪೋಸ್ಟ್ ದಾಟಿ ಆ ಜೀಪ್ ಹೆಂಗ ಹೋತ್ರಿ? ನಾವೇನ್ ಮಲಗಿದ್ವೇನು?' ಎಲ್ಲರೂ ನಕ್ಕರು. ಆದರೆ ಬೈದವರೂ ಹೊಗಳಿದವರೂ ಕಡೆಗೆ ಒಂದೇ ಮಾತಿಗೆ ಬರುತ್ತಿದ್ದರು: ಅವ್ವನ ಪಾರ್ಟ್ ಭಾಳ ಚೊಲೊ ಆಗೇತಿ. ಅದೊಂದಕ್ಕ ನೋಡಬೇಕು.

ಯಾರೋ ನನ್ನನ್ನು ಗುರುತಿಸಿ ಮುಂದಕ್ಕೆ ನೂಕಿದರು. ಮೈಕು ನನ್ನ ಬಾಯಿಗೆ ಬಂತು. 'ಇಷ್ಟ್ ನ್ಯಾಚುರಲ್ ಹೆಂಗ ಮಾಡಿದ್ರಿ ಅಕ್ಕಾರ?'

'ನಾ ಪಾರ್ಟ್ ಮಾಡಿಲ್ರಿ' ಅಂದೆ.

ಅವರು ಹೋ ಎಂದು ಮತ್ತೆ ಚಪ್ಪಾಳೆ ತಟ್ಟಿದರು. 'ನೋಡ್ರಿ, ಎಷ್ಟ್ ವಿನಯ!' ಎಂದ ಮೈಕಿನವನು. ನಾನು ಇನ್ನೊಮ್ಮೆ, 'ಖರೇ ಹೇಳ್ತೇನ್ರಿ, ಪಾರ್ಟ್ ಅಲ್ಲದು' ಅಂದೆ. ಅಷ್ಟರಲ್ಲಿ ಮೈಕು ಮುಂದಿನವರ ಬಾಯಿಗೆ ಹೋಗಿತ್ತು.

ಸಿನಿಮಾ ಈಗ ಯೂಟ್ಯೂಬಿನಲ್ಲಿದೆ. ಅದರ ಕೆಳಗೆ ಜನ ಬರೆದದ್ದನ್ನು ಕೂತು ಓದಿದೆ. ಓದಬಾರದಿತ್ತು. ಒಬ್ಬ ನನ್ನ ಸೆರಗು ಜಾರಿದ್ದರ ಬಗ್ಗೆ ಬರೆದಿದ್ದಾನೆ. ಅದನ್ನು ನಿನಗೆ ಬರೆಯಲಾರೆ. ಒಬ್ಬಳು, ಹೆಸರು ನೋಡಿದರೆ ಹೆಂಗಸೇ, 'ಓವರ್ ಆಕ್ಟಿಂಗ್, ಯಾವ ತಾಯಿಯೂ ಹೀಗೆ ಅಳುವುದಿಲ್ಲ' ಎಂದಿದ್ದಾಳೆ. ಇನ್ನೊಬ್ಬ, 'ತಾಯಿ ಕೂಗುವ ಕಡೆ ತುಟಿಗೂ ಮಾತಿಗೂ ಹೊಂದಾಣಿಕೆ ಇಲ್ಲ, ಕಡಿಮೆ ಖರ್ಚಿನ ಸಿನಿಮಾ ಎಂದು ಗೊತ್ತಾಗುತ್ತದೆ' ಎಂದಿದ್ದಾನೆ. ಅವನು ಹೇಳಿದ್ದು ಸರಿ. ಸಿನಿಮಾದಲ್ಲಿ ಅಳು ನನ್ನದೇ, ಹೆಸರಿನ ಕಡೆ ಮಾತ್ರ ಬೇರೆ ಯಾರದೋ ದನಿ 'ಲಕ್ಷ್ಮೀ' ಎಂದು ಕೂಗುತ್ತದೆ. ನನ್ನ ತುಟಿ ಹೇಳುತ್ತಿರುವುದು ನಿನ್ನ ಹೆಸರು.

ಯೂಟ್ಯೂಬಿಗೆ ಬಂದ ಮರುದಿನವೇ ನೀನು ಫೋನು ಮಾಡಿದೆ. 'ಅವ್ವಾ, ಹಾಸ್ಟೆಲ್‌ನ್ಯಾಗ ಎಲ್ಲಾರಿಗೂ ತೋರಿಸೇನಿ! ನೀ ಅಳೂದನ್ನ ಸ್ಟೇಟಸ್ ಇಟ್ಟೇನಿ. ನನ್ನ ಗೆಳತಿ ನಿನ್ನಂಗ ಬಿದ್ದು ಅತ್ತು ತೋರಿಸ್ತಾಳ, ನಕ್ಕು ನಕ್ಕು ಸಾಕಾತು' ಅಂದೆ. ಅದು ನಿನ್ನ ತಪ್ಪಲ್ಲ, ಕೂಸೆ. ನಿನಗೇನು ಗೊತ್ತು? ಆದರೆ ಅಂದಿನಿಂದ ನಿನ್ನ ದನಿ ಕೇಳಿದರೆ ನನ್ನಿಂದ ಮಾತಾಡಲು ಆಗುತ್ತಿಲ್ಲ. ನೀನು ಸತ್ತೆ ಎಂದುಕೊಂಡು ನಾನು ಅತ್ತದ್ದನ್ನು ನೀನೇ ನಗುತ್ತ ನೋಡುತ್ತಿದ್ದೀಯಲ್ಲ ಎಂದು.

ಮೊನ್ನೆ ಗುರುವಾರ ಉದಯಕುಮಾರ ಪೇಡೆ ಹಿಡಿದುಕೊಂಡು ಬಂದಿದ್ದ. ಸಿನಿಮಾ ಓಡುತ್ತಿದೆಯಂತೆ, ಎರಡನೆಯ ಭಾಗ ಮಾಡುತ್ತಾರಂತೆ. ಅದರಲ್ಲಿ ತಾಯಿಯೇ ಕಾಡಿಗೆ ಹೋಗಿ ಮಗಳನ್ನು ಬಿಡಿಸಿಕೊಂಡು ಬರುತ್ತಾಳಂತೆ. 'ಈ ಸಲ ಹೀರೋನ ನೀವ್ರಿ ಅಕ್ಕಾ' ಅಂದ.

'ಮೊದಲ ಆ ಅಳೂದನ್ನ ತಗೀಪಾ' ಅಂದೆ.

ಅವನು ಹುಡುಗು ನಗೆ ನಕ್ಕ. 'ಅದನ್ನ ತಗದ್ರ ಸಿನಿಮಾದಾಗ ಏನ್ ಉಳಿತೈತ್ರಿ? ಮಂದಿ ಅದನ್ನ ನೋಡಾಕ ಬರೂದು.'

ನಾನು ಒಳಗಿನಿಂದ ಫೋನು ತಂದು ಆ ಜಾಗ ಹಚ್ಚಿ, ದನಿ ಪೂರ್ತಿ ಬಂದ್ ಮಾಡಿ ಅವನ ಕೈಗೆ ಕೊಟ್ಟೆ. 'ತುಟಿ ನೋಡು. ನಾ ಏನ್ ಅನ್ನಾಕ್ಹತ್ತೇನಿ, ಹೇಳು' ಅಂದೆ. ಅವನು ನೋಡಿದ. ಇನ್ನೊಮ್ಮೆ ಹಚ್ಚು ಅಂದೆ, ಹಚ್ಚಿದ. ಆಮೇಲೆ ಫೋನು ನೆಲದ ಮೇಲಿಟ್ಟು, 'ಅಕ್ಕಾ, ನನಗೂ ಅವ್ವ ಅದಾಳ್ರಿ' ಅಂದ. 'ಹಂಗಾರ ಆಕಿಗೆ ಹೋಗಿ ಹೇಳು, ನಿನ್ನ ಮಗನ್ನ ಯಾರೋ ಕೊಂದ್ರು ಅಂತ. ಆಮ್ಯಾಲ ಕ್ಯಾಮೆರಾ ಹಚ್ಚು' ಅಂದೆ. ಇಷ್ಟು ಕಟುವಾದ ಮಾತು ನನ್ನ ಬಾಯಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಎರಡನೆಯ ಭಾಗಕ್ಕೆ ಬರುವುದಿಲ್ಲ, ಊಟ ಬೇಕಾದರೆ ಹಾಕುತ್ತೇನೆ ಎಂದೆ. ಉಣ್ಣದೆ ಹೋದ. ತೆಗೆಯುತ್ತೇನೆ ಎಂದು ಹೋದವನು ಇನ್ನೂ ತೆಗೆದಿಲ್ಲ. ಈ ಕಾಗದ ಬರೆಯುವ ಮುಂಚೆ ನೋಡಿದೆ, ನಾನು ಅಲ್ಲೇ ಬಿದ್ದುಕೊಂಡಿದ್ದೇನೆ.

ನಿನ್ನಲ್ಲಿ ಕೇಳುವುದು ಇಷ್ಟೇ. ಸ್ಟೇಟಸ್ ಇದ್ದರೆ ತೆಗೆದುಬಿಡು. ಗೆಳತಿಯರಿಗೆ ಬೈಯಬೇಡ, ಅವರಿಗೆ ಗೊತ್ತಿರಲಿಲ್ಲ. ಇನ್ನು ಮೇಲೆ ನಾನೇ ಫೋನು ಮಾಡುತ್ತೇನೆ. ಈ ಕಾಗದ ನಿನಗೆ ಮುಟ್ಟಿದ ಮೇಲೆ ಮಾತಾಡುವುದು ಸುಲಭವಾಗುತ್ತದೆ. ಗೋದುಬಾಯಿ ಕಾಕಿ ನಿನಗೆ ಆಶೀರ್ವಾದ ಹೇಳಿದ್ದಾಳೆ. ನಿನ್ನ ಕೈಯಿಂದ ನಾಲ್ಕು ಜನರ ನೋವು ಕಡಿಮೆಯಾಗಲಿ, ನಮ್ಮ ಸಾಂಬ್ರಾಣಿ ಊರಿನ ಬಸವಣ್ಣ ನಿನ್ನನ್ನು ಕಾಯಲಿ. ಎಲ್ಲಿಗೆ ಹೋದರೂ ಸುಖವಾಗಿ ತಿರುಗಿ ಬಾ.

ನಿನ್ನನ್ನೇ ನೆನೆಯುವ,
ಅವ್ವ

ಮತ್ತೆ: ಇಲ್ಲಿಗೆ ಮುಗಿಸಿ ಕವರಿಗೆ ಹಾಕಿದ್ದೆ. ಮತ್ತೆ ಬಿಚ್ಚಿದ್ದೇನೆ. ಅಂದು ಆ ವೀರೇಶ ಇನ್ನೊಂದು ಮಾತು ಹೇಳಿದ್ದ, ಮೇಲೆ ಬರೆಯಲಿಲ್ಲ. 'ನೀಲಿ ಚೂಡಿದಾರ, ಕೆಂಪು ಬ್ಯಾಗ್, ಆಕೀನ್ರಿ ಅಕ್ಕಾ' ಎಂದಿದ್ದ. ಅದಕ್ಕೇ ನಾನು ನಂಬಿದ್ದು. ಆ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೀನು ತೆಗೆದುಕೊಂಡ ಫೋಟೋ ಕಳಿಸಿದ್ದು ಅಪ್ಪನ ಫೋನಿಗೆ ಮಾತ್ರ, ಅವರು ಅದನ್ನು ನನಗೆ ತೋರಿಸಿದ್ದರು. ಗುರುವಾರ ಹೊರಡುವಾಗ ಉದಯಕುಮಾರ ಹೊಸ್ತಿಲಲ್ಲಿ ನಿಂತು ಅಪ್ಪನ ಕಡೆ ಕೈ ತೋರಿಸಿ ಅಂದ: 'ಸಿಟ್ಟ ಮಾಡಬ್ಯಾಡ್ರಿ ಅಕ್ಕಾ, ಶಿವಲಿಂಗಣ್ಣನ್ನ ಕೇಳೇ ಮಾಡೀವಿ. ಫೋಟೋ ತೋರಿಸಿದ್ದೂ ಅವರ, ಕ್ಯಾಮೆರಾ ಹಿಂದ ನಮ್ಮ ಸಂಗಡ ನಿಂತಿದ್ದೂ ಅವರ.' ಅಪ್ಪ ಅಲ್ಲೇ ಕೂತಿದ್ದರು. ಇಲ್ಲ ಎನ್ನಲಿಲ್ಲ. 'ಐದ ನಿಮಿಷದ ಮಾತು ಅಂದಿದ್ರು' ಎಂದರು, ಅಷ್ಟೇ.

ನಾನು ನಿನ್ನ ಹೆಸರು ಹಿಡಿದು ಮಣ್ಣಿನಲ್ಲಿ ಹೊರಳುವಾಗ ಅವರು ಕ್ಯಾಮೆರಾದ ಹಿಂದೆ ನಿಂತಿದ್ದರು, ರೂಪಾ. ಉದಯಕುಮಾರನಿಗೆ ನಾನು ಯಾರೂ ಅಲ್ಲ. ಇವರ ಸಂಗಡ ಇಪ್ಪತ್ತೆರಡು ವರ್ಷದಿಂದ ಬಾಳುವೆ ಮಾಡುತ್ತಿದ್ದೇನೆ. ದಿನಾ ತಟ್ಟೆ ಹಾಕುತ್ತೇನೆ, ಉಣ್ಣುತ್ತಾರೆ. ಆ ಕೂಗು ಕೇಳುತ್ತ ನಿಂತಿದ್ದಾಗ ನಿಮಗೆ ಏನನ್ನಿಸಿತು ಎಂದು ಕೇಳಬೇಕು, ಇನ್ನೂ ಕೇಳಿಲ್ಲ. ಕೇಳಿದರೆ ಅವರೂ ಎಲ್ಲರ ಹಾಗೆ 'ಭಾಳ ಚೊಲೊ ಮಾಡಿದಿ' ಅಂದುಬಿಟ್ಟಾರು ಎಂದು ಹೆದರಿಕೆ.