ಹನ್ನೊಂದು ವಾರ ಕಾಪಾಡಿದ ಸರದಿ, ಮೂರು ದಿನ ತಡವಾದ ನ್ಯಾಯ

ನಮ್ಮ ಲೀಗಿನ ಮಾನ್ಯ ಕಮಿಷನರ್ ಸಾಹೇಬರೇ,

ನನ್ನ ಕ್ಯಾಚರ್‌ನ ವಾಪಸ್ ಕೊಡಿ. ಪೀಠಿಕೆ ಆಮೇಲೆ. ಗ್ರೂಪಲ್ಲಿ ನಲವತ್ತೇಳು ಮೆಸೇಜ್ ಹಾಕಿದೆ, ನೀವು ಎಲ್ಲದಕ್ಕೂ ಒಂದೊಂದು ಹೆಬ್ಬೆಟ್ಟು ಒತ್ತಿ ಸುಮ್ಮನಾದ್ರಿ. ಅದಕ್ಕೇ ಈ ಬಹಿರಂಗ ಪತ್ರ. ಒಂದು ಪ್ರತಿ ಮರ್ಲ್ ಮಾವನ ಹುಲ್ಲು ಕೊಯ್ಯೋ ಮಿಷಿನ್ ರಿಪೇರಿ ಅಂಗಡಿ ಬಾಗಿಲಿಗೂ ಅಂಟಿಸ್ತಿದೀನಿ. ಇಡೀ ಷೆಬಾಯ್ಗನ್ ಊರೇ ಓದ್ಲಿ!

ನಿಯಮ ಬರೆದೋರು ನೀವೇ. ನಾವು ಹತ್ತು ಜನ ಸೇರಿ ನಿಜವಾದ ಬೇಸ್‌ಬಾಲ್ ಆಟಗಾರರನ್ನ ಹಂಚ್ಕೊಂಡು ಕಾಗದದ ಮೇಲೆ ತಂಡ ಕಟ್ಟಿದೀವಿ. ಅವರು ಮೈದಾನದಲ್ಲಿ ಮಾಡಿದ್ದು ನಮ್ಮ ಪಾಯಿಂಟು. ಯಾರಾದ್ರೂ ಒಬ್ಬನ್ನ ಕೈಬಿಟ್ರೆ ಅವನು ಎರಡು ದಿನ ವೇವರ್ ಅನ್ನೋ ಕಾಯೋ ಪಟ್ಟೀಲಿ ಕೂರಬೇಕು. ಬೇಕಾದೋರು ಅರ್ಜಿ ಹಾಕ್ಬೇಕು, ಸರದೀಲಿ ಮುಂದಿರೋರಿಗೆ ಅವನು ಸಿಗ್ತಾನೆ. ಆದ್ರೆ ಒಂದ್ಸಲ ಸರದಿ ಬಳಸಿದ್ರೆ ಸೀದಾ ಕೊನೆಗೆ, ಹತ್ತನೇ ಜಾಗಕ್ಕೆ. ಸ್ವಾಮಿ, ನಾನು ಆ ಒಂದನೇ ಜಾಗಾನ ಹನ್ನೊಂದು ವಾರ ಬೆಚ್ಚಗಿನ ಮೊಟ್ಟೆ ಥರ ಕಾಪಾಡಿದೆ! ಎಂಥೆಂಥ ಆಟಗಾರರು ಬಂದ್ರು, ಮುಟ್ಟಲಿಲ್ಲ. ಡಯಟ್ ಮಾಡೋರ ಮುಂದೆ ಚೀಸ್ ತಟ್ಟೆ ಇಟ್ಟಂಗಿತ್ತು.

ಹೋದ ಸೋಮವಾರ ಸ್ವರ್ಗದ ಬಾಗಿಲು ತೆಗೀತು. ಮರ್ಲ್ ಮಾವನ ತಂಡದಲ್ಲಿ ಚೆಂಡೆಸೆಯೋ ಪಿಚರ್ ವೆಂಚುರಾನ ಬೆರಳಿಗೆ ಬೊಬ್ಬೆ ಬಂದಿತ್ತು. ಮಾವ ಅವನನ್ನ ಗಾಯಾಳು ಪಟ್ಟಿಗೆ ಹಾಕೋಕೆ ಹೋಗಿ, ಪಕ್ಕದ ಗುಂಡಿ ಒತ್ತಿ ಕೈಬಿಟ್ಟೇಬಿಟ್ಟ! ನಾನು ಕುರ್ಚಿ ಮೇಲೆ ಹತ್ತಿ ಕುಣಿದೆ. ಅರ್ಜಿ ಹಾಕಿದೆ. ತಂಡ ಭರ್ತಿ ಇದ್ದಿದ್ರಿಂದ ಒಬ್ಬ ಹೊರಗೆ ಹೋಗ್ಲೇಬೇಕಿತ್ತು, ಎದೆ ಗಟ್ಟಿ ಮಾಡ್ಕೊಂಡು ಚೆಂಡು ಹಿಡಿಯೋ ನನ್ನ ಕ್ಯಾಚರ್ ಪ್ರೂಟ್‌ನ ಬಿಟ್ಟೆ. ಬುಧವಾರ ಬೆಳಿಗ್ಗೆ ವೆಂಚುರಾ ನನ್ನೋನಾದ. ಮಧ್ಯಾಹ್ನ ಮಾವ ಮನೆಗೇ ಬಂದ.

"ಲೇ ಟ್ರೂಡಿ, ನಾನು ಕನ್ನಡಕ ಹಾಕ್ಕೊಂಡಿರ್ಲಿಲ್ಲ ಕಣೇ!"

"ಕನ್ನಡಕ ಇಲ್ದೆ ಎಂಜಿನ್ ಬಿಚ್ಚಿ ಜೋಡಿಸ್ತೀಯಲ್ಲ ಮಾವ, ಒಂದು ಗುಂಡಿ ಒತ್ತಕ್ಕಾಗಲ್ವಾ?"

"ಇರು, ನಿಮ್ಮಮ್ಮಂಗೆ ಹೇಳ್ತೀನಿ."

"ಹೇಳು ಹೇಳು. ಅಮ್ಮಾನೂ ವೆಂಚುರಾಗೆ ಅರ್ಜಿ ಹಾಕಿದ್ಲು!"

ಮಾವ ಅಲ್ಲೇ ನಿಮಗೆ ಫೋನ್ ಮಾಡಿದ. ನೀವು "ಯೋಚನೆ ಮಾಡ್ತೀನಿ" ಅಂದ್ರಿ. ಆಹಾ, ಎಂಥ ಯೋಚನೆ! ಗುರುವಾರ ಯೋಚಿಸಿದ್ರಿ. ಶುಕ್ರವಾರ ಪ್ರೂಟ್‌ನ ಎರಡು ದಿನ ಮುಗೀತು, ಅರ್ಜಿ ಯಾರದ್ದೂ ಇರ್ಲಿಲ್ಲ, ಸರದಿ ಖರ್ಚಿಲ್ದೆ ಅವನನ್ನ ಒಬ್ಬರು ಎತ್ಕೊಂಡ್ರು. ಯಾರು ಅಂತೀರಾ? ನೀವೇ! ಶನಿವಾರ ಬೆಳಿಗ್ಗೆ ನಿಮ್ಮ ಯೋಚನೆ ಪಕ್ವವಾಯ್ತು: "ಕೈತಪ್ಪಿ ಆದದ್ದು, ವೆಂಚುರಾನ ಮರ್ಲ್‌ಗೆ ವಾಪಸ್ ಕೊಡಲಾಗಿದೆ." ಸರಿ, ತಪ್ಪು ತಿದ್ದೋದು ದೊಡ್ಡ ಗುಣ. ಆದ್ರೆ ಅರ್ಧ ತಪ್ಪು ಮಾತ್ರ ತಿದ್ದೋದು ಯಾವ ಗುಣ? ಪಿಚರ್ ಹೋದ, ಕ್ಯಾಚರ್ ಹೋದ, ಸರದೀಲಿ ನಾನು ಹತ್ತನೆಯೋಳು. ಬುಧವಾರವೇ ಈ ತೀರ್ಪು ಕೊಟ್ಟಿದ್ರೆ ಪ್ರೂಟ್ ಇನ್ನೂ ವೇವರ್‌ನಲ್ಲೇ ಇರ್ತಿದ್ದ ಅಲ್ವಾ? ಭಾನುವಾರ ಅವನು ಎರಡು ಹೋಮ್ ರನ್ ಹೊಡೆದ. ನಾನು ಅಭ್ಯಾಸ ಬಲದಿಂದ ಚಪ್ಪಾಳೆ ತಟ್ಟಿದೆ. ನಿಮಗೋಸ್ಕರ! ಥೂ!

ಇನ್ನು ಪಾಯಿಂಟ್ ಪಟ್ಟಿ ನೋಡೋಣ. ಹೋದ ವಾರ ನಾನು ಒಂಬತ್ತನೆಯೋಳು, ನೀವು ಹತ್ತನೆಯೋರು. ಆ ಎರಡು ಹೋಮ್ ರನ್ ಆದ್ಮೇಲೆ ನೀವು ಒಂಬತ್ತು, ನಾನು ಹತ್ತು. ಉಳಿದಿರೋದು ಮೂರೇ ವಾರ. ಕೊನೇಲಿ ಬಂದೋರು ಸೆಪ್ಟೆಂಬರ್ ಮೆರವಣಿಗೇಲಿ ಆಳೆತ್ತರದ ಸಾಸೇಜ್ ವೇಷ ಹಾಕಿ, ನಮ್ಮ ಹೈಸ್ಕೂಲ್ ಬ್ಯಾಂಡ್ ಮುಂದೆ ನಡೀಬೇಕು. ಆ ಬ್ಯಾಂಡಲ್ಲಿ ತುತ್ತೂರಿ ಊದೋದು ನನ್ನ ತಮ್ಮ, ಸಾಹೇಬರೇ. ಅವನು ಈಗಲೇ ನನ್ನ ನೋಡಿದಾಗೆಲ್ಲ ಸಾಸೇಜ್ ಮೇಲೆ ಸುರಿಯೋ ಸಾಸಿವೆ ಬಾಟ್ಲಿ ಅಲ್ಲಾಡಿಸ್ತಾನೆ.

ಮರ್ಲ್ ಮಾವನೇ ನಿನ್ನೆ ಅಂದ: "ನಾನು ಕೇಳಿದ್ದು ನನ್ನ ಪಿಚರ್‌ನ ಕಣೇ, ನಿನ್ನ ಕ್ಯಾಚರ್ ಅವರಿಗೆ ಹೋಗ್ಲಿ ಅಂತ ಅಲ್ಲ. ಬರಿ, ನಾನೂ ಸಹಿ ಹಾಕ್ತೀನಿ."

ಹಾಗಾಗಿ ನನ್ನ ಬೇಡಿಕೆ: ಗಡಿಯಾರ ಹಿಂದಕ್ಕೆ ತಿರುಗಿಸೋದಾದ್ರೆ ಎಲ್ಲರದ್ದೂ ತಿರುಗಿಸಿ. ಪ್ರೂಟ್, ಅವನ ಎರಡು ಹೋಮ್ ರನ್, ನನ್ನ ಒಂದನೇ ಸರದಿ, ಮೂರೂ ಶುಕ್ರವಾರದೊಳಗೆ ನನ್ನ ಕೈಗೆ ಬರ್ಬೇಕು. ಅಂದಹಾಗೆ, ಪ್ರತಿ ವರ್ಷ ಆ ವೇಷ ಹೊಲಿಯೋದು ಅಮ್ಮ. ಅಳತೆ ಯಾರದ್ದು ಅಂತ ಕೇಳಿದ್ಲು. ನಿಮ್ಮದೇ ಹೇಳಿದೀನಿ, ಸೊಂಟದ ಹತ್ರ ಸ್ವಲ್ಪ ಧಾರಾಳವಾಗಿ.

ಇಂತಿ,
ಒಂದರಿಂದ ಹತ್ತಕ್ಕೆ ಜಾರಿದ, ಕ್ಯಾಚರ್ ಇಲ್ಲದ ತಂಡದ ಯಜಮಾನಿ
ಟ್ರೂಡಿ ಫೆಲ್ಡ್‌ಮಾಯರ್
(ಜೊತೆಗೆ ಸಹಿ: ಮರ್ಲ್ ಮಾವ, ಈ ಸಲ ಕನ್ನಡಕ ಹಾಕ್ಕೊಂಡು)