ಗೆರೆಯಿಲ್ಲದ ಚುಕ್ಕಿ

ನವೆಂಬರ್ ೬, ಗುರುವಾರ

ಆ ಚುಕ್ಕಿ ತಲೆಯಿಂದ ಹೋಗುತ್ತಿಲ್ಲ. ಹೊಸ ಆಫೀಸಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳುವ ಪ್ರೋಗ್ರಾಂ ಬರೆದವಳು ನಾನೇ. ಒಬ್ಬೊಬ್ಬರಿಗೂ ಒಂದು ಚುಕ್ಕಿ, ಜೊತೆಗೆ ಊಟ ಮಾಡುವವರ ನಡುವೆ ಒಂದು ಗೆರೆ. ಇಬ್ಬರು ಬೇರೆ ಬೇರೆ ಮಹಡಿಗೆ ಹೋದರೆ ಅವರ ನಡುವಿನ ಗೆರೆ ತುಂಡು. ಆದಷ್ಟು ಕಡಿಮೆ ಗೆರೆ ತುಂಡಾಗುವಂತೆ ಎರಡು ಮಹಡಿಗೆ ಹಂಚಬೇಕು. ಇವತ್ತು ಎಲ್ಲರಿಗೂ ಚಿತ್ರ ತೋರಿಸಿದೆ.

"ಒಂದು ಚುಕ್ಕಿ ಕಮ್ಮಿ ಇದೆಯಲ್ಲಮ್ಮಾ, ಯಾರದು?" ಎಂದರು ಮ್ಯಾನೇಜರ್. ಎಲ್ಲರೂ ಚಿತ್ರದಲ್ಲಿ ತಮ್ಮ ತಮ್ಮ ಹೆಸರು ಹುಡುಕಿದರು, ಎಲ್ಲರಿಗೂ ಸಿಕ್ಕಿತು.

"ನೋಡ್ತೀನಿ ಸರ್" ಎಂದೆ. ನೋಡುವುದೇನು ಮಣ್ಣು! ಗೆರೆಯಿಲ್ಲದ ಚುಕ್ಕಿಯನ್ನು ಕಸವೆಂದು ಅಳಿಸುವ ಸಾಲು ಬರೆದ ಕೈಯೂ ನನ್ನದೇ. ಕಂಪ್ಯೂಟರ್ ಮುಂದೆ ಒಬ್ಬಳೇ ಉಣ್ಣುವ ಕೈಯೂ ಅದೇ.

ಸಂಜೆ ಆ ಸಾಲು ತೆಗೆದು ಪ್ರೋಗ್ರಾಂ ಮತ್ತೆ ಓಡಿಸಿದೆ. ಮೂಲೆಯಲ್ಲಿ ನಾನು ಬಂದೆ. ಯಾವ ಮಹಡಿ ಎಂದು ನೋಡಿದೆ. ಯಾವುದಾದರೂ ಸರಿಯಂತೆ. ನನ್ನನ್ನು ಎಲ್ಲಿ ಕೂರಿಸಿದರೂ ಒಂದು ಗೆರೆಯೂ ತುಂಡಾಗುವುದಿಲ್ಲ.