ಸಕ್ಕರೆ ಹೋದ ಜಾಗ

ಅಕ್ಟೋಬರ್ ೧೪, ಮಂಗಳವಾರ

ನನ್ನ ಗುಬ್ಬಿಗೆ,

ಚೆನ್ನಾಗಿದ್ದೀಯಲ್ಲವೇ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ನಿನ್ನಮ್ಮ ದಿನಾ ನನ್ನ ಕಿವಿ ಹಿಂಡುತ್ತಾಳೆ. "ಲ್ಯಾಬಿನ ಗಾಜು ತೊಳೆಯೋಕೆ ಪುರುಸೊತ್ತಿದೆ, ಮಗಳಿಗೆ ನಾಲ್ಕು ಸಾಲು ಬರೆಯೋಕೆ ಇಲ್ವಾ?" ಎನ್ನುತ್ತಾಳೆ. ಪುರುಸೊತ್ತಿತ್ತು ಮಗಳೇ, ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ.

ಲ್ಯಾಬಿನಲ್ಲಿ ನಿನ್ನ ಮೇಜು ಹಾಗೇ ಇದೆ. ಬೆಳಗ್ಗೆ ಒಂಬತ್ತರ ಬಿಸಿಲು ನಾನು ತೊಳೆದು ಬೋರಲು ಹಾಕಿದ ಗಾಜಿನ ಸಾಮಾನಿನೊಳಗೆ ಹಾದು, ಗೋಡೆಯ ಮೇಲೆ ನೀರಿನ ಹಾಗೆ ಅಲುಗಾಡುತ್ತದೆ. ಆ ಹೊತ್ತಿಗೆ ನೀನು ಬರುತ್ತಿದ್ದೆ. ಅಚ್ಚಿನಲ್ಲಿ ಸಕ್ಕರೆ ಒತ್ತಿ, ಮೇಲೆ ಪಾಲಿಮರ್ ದ್ರವ ಸುರಿದು, ಬಿಸಿಯಲ್ಲಿಟ್ಟು ಗಟ್ಟಿಮಾಡಿ, ಆಮೇಲೆ ಬಿಸಿನೀರಿಗೆ ಹಾಕುತ್ತಿದ್ದೆ. ಸಕ್ಕರೆ ಕರಗಿಹೋಗಿ ತೂತು ತೂತಿನ ಸ್ಪಂಜು ಉಳಿಯುತ್ತಿತ್ತು. "ಸಕ್ಕರೆ ಹೋದ ಜಾಗಕ್ಕೆ ಎಣ್ಣೆ ಬಂದು ಕೂರುತ್ತೆ ಅಪ್ಪ, ನೀರನ್ನ ಮಾತ್ರ ಒಳಗೆ ಬಿಡಲ್ಲ" ಎಂದು ನನಗೆ ಪಾಠ ಹೇಳುತ್ತಿದ್ದೆ. ಅಷ್ಟು ಸಕ್ಕರೆ ದಂಡವಾಯಿತಲ್ಲ ಎಂದು ನಿನ್ನಮ್ಮನಿಗೆ ಇವತ್ತಿಗೂ ಹೊಟ್ಟೆಯುರಿ.

ಲ್ಯಾಬು ನೋಡಲು ಬಂದ ಅತಿಥಿಗಳ ಮುಂದೆ ಆ ಒಂದು ಸ್ಪಂಜು ತೇಲದೆ ಮುಳುಗಿತೆಂದು ನೀನು ಮೂರು ವರ್ಷದ ಕೆಲಸವನ್ನೇ ಬಿಟ್ಟು ಹೋದೆ. "ನನ್ನ ಲೆಕ್ಕವೇ ತಪ್ಪು, ಆ ವಿದ್ಯೆ ನನ್ನ ತಲೆಗೆ ಹತ್ತಲಿಲ್ಲ, ಇಲ್ಲಿನ ಕನ್ನಡಕದ ಅಂಗಡಿಯ ಕೆಲಸವೇ ಸಾಕು" ಎಂದು ಬರೆದಿದ್ದೀಯ. ಆ ಸಾಲು ಬಂದಾಗಲೆಲ್ಲ ಕಾಗದ ಮಡಚಿ ಜೇಬಿಗಿಟ್ಟುಕೊಳ್ಳುತ್ತೇನೆ.

ಈಚೆಗೆ ಒಂದೇ ಕನಸು ಬೀಳುತ್ತದೆ. ಬಂದರಿನ ನೀರಿನ ಮೇಲೆ ಎಣ್ಣೆಯ ಬಣ್ಣಗಳು ಹರಡಿವೆ. ನೀನು ದೋಣಿಯಲ್ಲಿ ಕೂತು ಬಿಳಿ ಸ್ಪಂಜುಗಳನ್ನು ಒಂದೊಂದಾಗಿ ತೇಲಿಬಿಡುತ್ತೀಯ. ಅವು ನಿಧಾನವಾಗಿ ಕಪ್ಪಾಗುತ್ತವೆ. ನೀರು ತಿಳಿಯಾಗುತ್ತಾ ಬಂದು ತಳದ ಕಲ್ಲುಗಳೆಲ್ಲ ಕಾಣುತ್ತವೆ, ಕಲ್ಲುಗಳ ನಡುವೆ ನಮ್ಮ ಮನೆಯ ದೀಪವೂ ಉರಿಯುತ್ತಿರುತ್ತದೆ. ದಡದಲ್ಲಿ ನಿಂತು ನಿನ್ನನ್ನು ಕೂಗುತ್ತೇನೆ, ದನಿ ಹೊರಡುವುದಿಲ್ಲ.

ಹೋದ ವಾರ ನಿನ್ನ ಡ್ರಾಯರಿನ ಮೂಲೆಯಲ್ಲಿ ಅದೇ ಅಚ್ಚಿನಲ್ಲಿ ಮಾಡಿದ ಇನ್ನೊಂದು ಸ್ಪಂಜಿನ ತುಂಡು ಸಿಕ್ಕಿತು. ಲ್ಯಾಬಿನ ದೊಡ್ಡ ಮೇಡಂಗೆ ಕೊಟ್ಟೆ. ಅವರು ನೀರಿನ ತೊಟ್ಟಿಗೆ ಒಂದು ಚಮಚ ಎಂಜಿನ್ ಎಣ್ಣೆ ಸುರಿದು ಅದನ್ನು ಬಿಟ್ಟರು. ಮುಳುಗಲಿಲ್ಲ ಗುಬ್ಬಿ. ಹಾಯಾಗಿ ತೇಲುತ್ತಾ ಎಣ್ಣೆಯನ್ನೆಲ್ಲ ಕುಡಿಯಿತು. ಹಿಂಡಿದರೆ ಬರೀ ಎಣ್ಣೆ. ಮೇಡಂ ಅದನ್ನು ಮತ್ತೊಮ್ಮೆ ತೊಟ್ಟಿಗೆ ಬಿಟ್ಟು ನೋಡಿ, "ಹಾಗಾದ್ರೆ ಅವತ್ತು ಯಾಕೆ ಮುಳುಗಿತು?" ಎಂದರು. ಆಮೇಲೆ, "ನಿಮ್ಮ ಮಗಳ ಜಾಗ ಈ ತಿಂಗಳ ಕೊನೆವರೆಗೂ ಇಟ್ಟಿರ್ತೀನಿ, ಬರೋಕೆ ಹೇಳಿ" ಎಂದರು. ನಿನ್ನಮ್ಮ ಆಗಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹಿಡಿದ ಕೆಲಸ ಹಸನಾಗಲಿ, ನಿನ್ನ ಮನಸ್ಸು ತಿಳಿಯಾಗಿರಲಿ.

ಇಂತಿ,
ನಿನ್ನ ಅಪ್ಪ

ತಾ. ಕ.: ಇದು ಮರೆತ ಮಾತಲ್ಲ, ಇಲ್ಲಿಯವರೆಗೆ ತಳ್ಳಿಕೊಂಡು ಬಂದ ಮಾತು. ಅತಿಥಿಗಳು ಬರುವ ಹಿಂದಿನ ಸಂಜೆ ನಿನ್ನ ಸ್ಪಂಜಿನ ಮೇಲೆ ಧೂಳು ಕೂತಿತ್ತು. ಮಗಳ ಕೆಲಸ ದೊಡ್ಡವರ ಕಣ್ಣಿಗೆ ಮಂಕಾಗಿ ಕಾಣಬಾರದೆಂದು ಸೋಪು ಹಾಕಿ ತೊಳೆದು ಒಣಗಿಸಿಟ್ಟೆ. ನೀನು ಹೋದ ಮೂರನೇ ವಾರ ಮೇಡಂ ಯಾರಿಗೋ ಹೇಳುತ್ತಿದ್ದರು: "ಇಂಥ ಸ್ಪಂಜಿಗೆ ಸೋಪು ತಾಗಿಸಬೇಡಿ. ಒಳಗೆ ಸೋಪು ಉಳಿದ್ರೆ ನೀರನ್ನೂ ಕುಡಿದು ಮುಳುಗುತ್ತೆ." ನಾನು ಸಿಂಕಿನ ಮುಂದೆ ಬ್ರಷ್ ಹಿಡಿದು ನಿಂತಿದ್ದೆ. ಅದಾಗಿ ಹತ್ತು ತಿಂಗಳು. ಡ್ರಾಯರಿನಲ್ಲಿ ಇನ್ನೊಂದು ತುಂಡಿದೆಯೆಂದು ಆಗಲೇ ನನಗೆ ಗೊತ್ತಿತ್ತು, ಅದು ಹೋದ ವಾರ ಸಿಕ್ಕಿದ್ದಲ್ಲ. ನೀನು ಮತ್ತೆ ಅಪ್ಪ ಎಂದು ಕರೆಯದೆ ಹೋದರೆ ಎಂಬ ಭಯಕ್ಕೆ, ನಿನ್ನನ್ನು ನೀನೇ ದಡ್ಡಿ ಎಂದುಕೊಂಡು ಬದುಕಲು ಬಿಟ್ಟೆ. ಇವತ್ತು ಬೆಳಗ್ಗೆ ಮೇಡಂ ಮುಂದೆ ಎಲ್ಲ ಹೇಳಿದ್ದೇನೆ. ನೀನು ಬಂದರೆ ನಿನ್ನ ಮೇಜಿನ ಸಾಮಾನು ನೀನೇ ತೊಳೆದುಕೋ. ನಾನು ಬಾಗಿಲಾಚೆ ನಿಂತಿರುತ್ತೇನೆ.